ಪೋರ್ಟ್ ಮಾಡಿದರೆ ಅಮ್ಮನ ವೇಟಿಂಗ್ ಪೀರಿಯಡ್ ಮೊದಲಿಂದ ಶುರುವಾಗುವುದಿಲ್ಲ

ಅಮ್ಮನಿಗೆ 67, ಶುಗರ್ ಇದೆ, ಆರೋಗ್ಯ ವಿಮೆಯ ಪ್ರೀಮಿಯಂ ಏರಿದೆ, ಬೇರೆ ಕಂಪನಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಪ್ರಯತ್ನ ಮಾಡಿ ಮಾರಾಯ್ರೆ. ಕಂಪನಿಗಳ ನಡುವೆ ಪೈಪೋಟಿ ಇರಲಿ ಅಂತಲೇ 2011ರಲ್ಲಿ ಪೋರ್ಟ್ ಸೌಲಭ್ಯ, ಅಂದ್ರೆ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಾಯಿಸುವ ಅವಕಾಶ, ಬಂದದ್ದು. ಹೊಸ ಪಾಲಿಸಿಗಿದ್ದ 65ರ ವಯಸ್ಸಿನ ಮಿತಿಯನ್ನೂ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ತೆಗೆದಿದೆ. ವೇಟಿಂಗ್ ಪೀರಿಯಡ್‌ನಲ್ಲಿ (ಶುಗರ್‌ನಂಥ ಮೊದಲೇ ಇದ್ದ ಕಾಯಿಲೆಗೆ ವಿಮೆ ಹಣ ಸಿಗದ ಅವಧಿ) ಅಮ್ಮ ಈಗಾಗಲೇ ಕಾದ ವರ್ಷಗಳು ಹಳೆಯ ವಿಮಾ ಮೊತ್ತದವರೆಗೆ ಲೆಕ್ಕಕ್ಕೆ ಬರುತ್ತವೆ.

ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಿ. ನಾನು ಅಪ್ಪನದ್ದಕ್ಕೆ 20 ದಿನ ಇರುವಾಗ ಹಾಕಿದ್ದೆ, ತಗೊಳ್ಳಲಿಲ್ಲ. ಆ ವರ್ಷ ಜಾಸ್ತಿ ಪ್ರೀಮಿಯಂ ಕಟ್ಟಿದ್ದು ಈಗಲೂ ಬೇಸರ. ಹೊಸ ಕಂಪನಿ ಆರೋಗ್ಯ ನೋಡಿ ಬೇಡ ಅನ್ನಲೂಬಹುದು. ಅದು ಒಪ್ಪುವವರೆಗೆ ಹಳೆಯ ಪಾಲಿಸಿ ಬಿಡಲೇಬೇಡಿ.

ರಿನ್ಯೂವಲ್ ನೋಟಿಸ್ ಒಮ್ಮೆ ತೆರೆದು ನೋಡಿ. ಅಮ್ಮನದ್ದು ವೈಯಕ್ತಿಕ ಪಾಲಿಸಿ ಆದ್ರೆ ಜಿಎಸ್‌ಟಿ ಸಾಲಿನಲ್ಲಿ ಸೊನ್ನೆ ಇರಬೇಕು. ಮೊದಲು 18% ಇತ್ತು, 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಹಿರಿಯರಿಗೆ ವರ್ಷಕ್ಕೆ 10%ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು. ಅದಕ್ಕಿಂತ ಜಾಸ್ತಿ ಏರಿದ್ದರೆ ಕಂಪನಿಗೆ ಬರೆದು ಕಾರಣ ಕೇಳಿ. ಉತ್ತರ ಸರಿ ಬರದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ಹಾಕಿ.

ಹಾಂ, ನೀವು ಉಡುಪಿಯವರಲ್ವಾ? ಮಣಿಪಾಲದಲ್ಲಿ ಅಮ್ಮನಿಗೆ ತೋರಿಸುವ ಆಸ್ಪತ್ರೆ ಹೊಸ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ.