ಬೇಸ್‌ಬಾಲ್ ಗೆಲುವು: ಅದೃಷ್ಟದ ಪಾಲೆಷ್ಟು, ತಯಾರಿಯ ಪಾಲೆಷ್ಟು?

ಪ್ರಶ್ನೆ: ನಮ್ಮ ಹುಡುಗರು ಬಲವಾಗಿ ಹೊಡೆದ ಚೆಂಡುಗಳೆಲ್ಲ ನೇರವಾಗಿ ಫೀಲ್ಡರ್‌ಗಳ ಕೈ ಸೇರಿದವು. ಎದುರಾಳಿಗಳ ಅರೆಬರೆ ಹೊಡೆತಗಳು ಮೂರು ಸಲ ಖಾಲಿ ಜಾಗದಲ್ಲಿ ಬಿದ್ದವು. 5–4ರಲ್ಲಿ ಸೋತೆವು. ದುರದೃಷ್ಟ ಎಂದರೆ ನೆಪ ಹೇಳಿದಂತಾಗುತ್ತದೆಯೇ?

ಉತ್ತರ: ಒಂದು ಪಂದ್ಯದ ಮಟ್ಟಿಗೆ ಅದು ನೆಪವಲ್ಲ. ದುಂಡನೆಯ ಬ್ಯಾಟು ದುಂಡನೆಯ ಚೆಂಡಿಗೆ ತಾಗುವ ಆಟವಿದು. ಕೂದಲೆಳೆಯಷ್ಟು ಮೇಲೆ ಕೆಳಗಾದರೂ ಚೆಂಡಿನ ದಾರಿ ಬದಲಾಗುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ, ಹೋಮ್ ರನ್ (ಬೇಲಿ ದಾಟುವ ಹೊಡೆತ) ಬಿಟ್ಟು, ಮೈದಾನದೊಳಗೆ ಬಿದ್ದ 100 ಹೊಡೆತಗಳಲ್ಲಿ ಸುಮಾರು 30 ಮಾತ್ರ ಹಿಟ್ (ಬ್ಯಾಟರ್‌ನನ್ನು ಬೇಸ್ ಎಂಬ ನೆಲೆಗೆ ಸುರಕ್ಷಿತವಾಗಿ ತಲುಪಿಸುವ ಹೊಡೆತ) ಆಗುತ್ತವೆ. ಯಾವ 30 ಎಂಬುದನ್ನು ಆ ದಿನ ಯಾರೂ ಹೇಳಲಾರರು. 2001ರಲ್ಲಿ 162 ಪಂದ್ಯಗಳ ಪೈಕಿ 116 ಗೆದ್ದ ಸಿಯಾಟಲ್ ಮ್ಯಾರಿನರ್ಸ್ ಕೂಡ ವರ್ಲ್ಡ್ ಸೀರೀಸ್ (ಲೀಗ್‌ನ ಅಂತಿಮ ಸರಣಿ) ತಲುಪದೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಸೋತಿತು.

ಆದರೆ ಮೂರು ಹೊಡೆತಗಳನ್ನಷ್ಟೇ ಎಣಿಸಿ ನಿಲ್ಲಿಸಬೇಡಿ. ಪಂದ್ಯ ಮುಗಿದ ಸಂಜೆಯೇ ಎರಡೂ ತಂಡಗಳದು ನಾಲ್ಕು ಲೆಕ್ಕ ಬರೆದಿಡಿ: ಕೊಟ್ಟ ವಾಕ್‌ಗಳೆಷ್ಟು (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್), ಮೊದಲ ಎಸೆತವೇ ಸ್ಟ್ರೈಕ್ (ಎಸೆಯುವವನ ಲೆಕ್ಕಕ್ಕೆ ಸೇರುವ ಸರಿಯಾದ ಎಸೆತ) ಆದದ್ದೆಷ್ಟು ಬ್ಯಾಟರ್‌ಗಳಿಗೆ, ತಪ್ಪು ಥ್ರೋಗಳಿಂದ ಬಿಟ್ಟುಕೊಟ್ಟ ಬೇಸ್‌ಗಳೆಷ್ಟು, ಬಲವಾಗಿ ತಾಗಿದ ಹೊಡೆತಗಳೆಷ್ಟು. ನಾಲ್ಕರಲ್ಲೂ ನೀವೇ ಮುಂದಿದ್ದು ಸೋತಿದ್ದರೆ ನಿಜಕ್ಕೂ ದುರದೃಷ್ಟ. ಬ್ಯಾಟಿಂಗ್ ಕ್ರಮವನ್ನಾಗಲೀ ಹೊಡೆತದ ಶೈಲಿಯನ್ನಾಗಲೀ ಮುಟ್ಟಬೇಡಿ. ಆರು ವಾಕ್ ಕೊಟ್ಟು, ಎರಡು ಥ್ರೋ ಬೇಲಿಗೆ ಕಳಿಸಿ ಸೋತಿದ್ದರೆ, ಆ ಮೂರು ಹೊಡೆತಗಳು ಬಿದ್ದಾಗ ಬೇಸ್‌ಗಳ ಮೇಲೆ ಓಟಗಾರರನ್ನು ತಂದು ನಿಲ್ಲಿಸಿದವರು ನೀವೇ.

ಪ್ರಶ್ನೆ: ಒಂದೇ ರನ್ ಅಂತರದ ಪಂದ್ಯಗಳನ್ನು ಸದಾ ಗೆಲ್ಲುವ ತಂಡದ ಕೋಚ್ ಚಾಣಾಕ್ಷ ಎನ್ನಬಹುದಲ್ಲವೇ?

ಉತ್ತರ: ಅಷ್ಟು ಬೇಗ ಹೇಳಲಾಗದು. 2012ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಇಂಥ ಪಂದ್ಯಗಳಲ್ಲಿ 29 ಗೆದ್ದು 9 ಮಾತ್ರ ಸೋತಿತು. ಇಡೀ ಋತುವಿನಲ್ಲಿ ಅವರು ಹೊಡೆದದ್ದು 712 ರನ್, ಕೊಟ್ಟದ್ದು 705. ಇಷ್ಟು ಸಮಸಮ ಇದ್ದರೆ ಸಾಮಾನ್ಯವಾಗಿ 82 ಗೆಲುವು ಬರಬೇಕು. ಅವರಿಗೆ ಬಂದದ್ದು 93. ಮರುವರ್ಷ ಅದೇ ಮ್ಯಾನೇಜರ್ ಬಕ್ ಶೋವಾಲ್ಟರ್ ಕೈಕೆಳಗೆ, ಅದೇ ಬಗೆಯ ಪಂದ್ಯಗಳಲ್ಲಿ 20 ಗೆದ್ದು 31 ಸೋತರು. ಒಂದು ವರ್ಷದಲ್ಲಿ ಚಾಣಾಕ್ಷತನ ಕರಗಿಹೋಗುವುದಿಲ್ಲ. ತಂಡದ ಕಸುವು ತಿಳಿಯಬೇಕಾದರೆ ಹೊಡೆದ ಮತ್ತು ಕೊಟ್ಟ ರನ್‌ಗಳ ಒಟ್ಟು ಅಂತರ ನೋಡಿ. ಸಮಬಲದ ತಂಡವೊಂದು 162 ಪಂದ್ಯ ಆಡಿದರೂ ಬರಿಯ ಆಕಸ್ಮಿಕದಿಂದಲೇ ಆರು ಗೆಲುವು ಅತ್ತಿತ್ತ ಆಗುವುದು ಸಾಮಾನ್ಯ. ಹಾಗಿದ್ದ ಮೇಲೆ ನಿಮ್ಮ 15 ಪಂದ್ಯಗಳ ಋತು ಮುಗಿದ ಕೂಡಲೇ ಕೋಚ್‌ಗೆ ಪಟ್ಟ ಕಟ್ಟುವುದೂ ಬೇಡ, ಕೆಳಗಿಳಿಸುವುದೂ ಬೇಡ.

ಪ್ರಶ್ನೆ: 2004ರ ಅಕ್ಟೋಬರ್‌ನಲ್ಲಿ ಬೋಸ್ಟನ್ ರೆಡ್ ಸಾಕ್ಸ್‌ನ ಡೇವ್ ರಾಬರ್ಟ್ಸ್ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಎರಡನೇ ಬೇಸ್ ಕದ್ದದ್ದು (ಹೊಡೆತಕ್ಕೆ ಕಾಯದೆ ಓಡಿ ತಲುಪಿದ್ದು) ಅದೃಷ್ಟವೇ?

ಉತ್ತರ: ಕೂದಲೆಳೆಯ ಅಂತರದಲ್ಲಿ ಉಳಿದದ್ದು ನಿಜ. ಸರಣಿಯಲ್ಲಿ 0–3, ಪಂದ್ಯದಲ್ಲಿ 3–4 ಹಿಂದಿದ್ದ ತಂಡ ಅವರನ್ನು ಆ ಒಂದು ಓಟಕ್ಕೆಂದೇ ಇಳಿಸಿತ್ತು. ಯಾಂಕೀಸ್‌ನ ಪಿಚರ್ (ಚೆಂಡು ಎಸೆಯುವವರು) ಮರಿಯಾನೋ ರಿವೇರಾ ಮೂರು ಸಲ ಮೊದಲ ಬೇಸ್‌ಗೆ ಎಸೆದು ತಡೆಯಲು ನೋಡಿದರು. ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿದರು. ಆ ಋತುವಿನಲ್ಲಿ 41 ಪ್ರಯತ್ನಗಳಲ್ಲಿ 38 ಸಲ ಯಶಸ್ವಿಯಾಗಿದ್ದವರು ಅವರು.

ಈ ನಿರ್ಧಾರದ ಹಿಂದೆ ಗಡಿಯಾರದ ಲೆಕ್ಕವಿದೆ. ಪಿಚರ್ ಮೊದಲ ಚಲನೆಯಿಂದ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವ) ಗ್ಲೌಸ್‌ಗೆ 1.3 ಸೆಕೆಂಡ್, ಅಲ್ಲಿಂದ ಎರಡನೇ ಬೇಸ್‌ಗೆ 2 ಸೆಕೆಂಡ್ — ಒಟ್ಟು 3.3. ಓಟಗಾರನಿಗೆ 3.5 ಬೇಕಾದರೆ ಓಡಬಾರದು. ಪಿಚರ್ 1.6 ತೆಗೆದುಕೊಳ್ಳುವವನಾದರೆ ಓಡಬಹುದು. ಮೊದಲ ಇನ್ನಿಂಗ್ಸ್‌ಗಳಲ್ಲೇ ಸ್ಟಾಪ್‌ವಾಚ್ ಹಿಡಿದು ಅಳೆದಿಡಿ. ನಾಲ್ಕು ಪ್ರಯತ್ನಗಳಲ್ಲಿ ಕನಿಷ್ಠ ಮೂರನ್ನಾದರೂ ಗೆಲ್ಲಲಾಗದ ಓಟಗಾರನಿಂದ ತಂಡಕ್ಕೆ ನಷ್ಟವೇ ಹೆಚ್ಚು.

ಪ್ರಶ್ನೆ: ಹಾಗಾದರೆ ಅಭ್ಯಾಸದಲ್ಲಿ ಯಾವುದಕ್ಕೆ ಸಮಯ ಕೊಡಬೇಕು? ನಮ್ಮಲ್ಲಿ ಹೆಚ್ಚಿನ ಹೊತ್ತು ಬ್ಯಾಟಿಂಗ್‌ಗೇ ಹೋಗುತ್ತದೆ.

ಉತ್ತರ: ಬಹುಪಾಲು ತಂಡಗಳು ಎಡವುವುದು ಇಲ್ಲೇ. ಒಬ್ಬ ಹೊಡೆಯುತ್ತಾನೆ, ಹತ್ತು ಮಂದಿ ನಿಂತು ನೋಡುತ್ತಾರೆ. 90 ನಿಮಿಷದಲ್ಲಿ ಬ್ಯಾಟಿಂಗ್‌ಗೆ 30 ಸಾಕು, ಅದೂ ಮೂರು ಗುಂಪು ಮಾಡಿ. ಉಳಿದದ್ದು ಅದೃಷ್ಟದ ಹಂಗಿಲ್ಲದ ಕೆಲಸಗಳಿಗೆ.

ಪಿಚರ್‌ಗೆ 20 ಎಸೆತ ಕೊಡಿ, 12 ಸ್ಟ್ರೈಕ್ ಆಗಬೇಕು. ವೇಗದ ಮಾತು ಆಮೇಲೆ. ಬೆಚ್ಚಗಾಗಲು ಎಸೆದಾಡುವಾಗಲೂ ಗುರಿ ಎದುರಿನವನ ಎದೆ. ಹರಟೆ ಹೊಡೆಯುತ್ತ ಎಸೆದವನು ಪಂದ್ಯದಲ್ಲೂ ಹಾಗೇ ಎಸೆಯುತ್ತಾನೆ.

ಮುಖ್ಯವಾದದ್ದು ಚೆಂಡಿಲ್ಲದವರ ಓಟ. ಮೊದಲ ಬೇಸ್‌ನಲ್ಲಿ ಓಟಗಾರನಿದ್ದಾಗ ಬಲಗಡೆಗೆ ಸಿಂಗಲ್ (ಒಂದು ಬೇಸ್ ದಕ್ಕಿಸುವ ಹೊಡೆತ) ಹೋಯಿತೆನ್ನಿ. ಬಲ ಔಟ್‌ಫೀಲ್ಡರ್ ಮೂರನೇ ಬೇಸ್‌ಗೆ ಎಸೆಯುತ್ತಾನೆ. ಆ ದಾರಿಯಲ್ಲಿ, ಮೂರನೇ ಬೇಸ್‌ಗಿಂತ ಸುಮಾರು 14 ಮೀಟರ್ ಮುಂದೆ, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಎರಡೂ ಕೈ ಎತ್ತಿ ನಿಲ್ಲಬೇಕು. ಎರಡನೇ ಬೇಸ್ ಕಾಯುವುದು ಸೆಕೆಂಡ್ ಬೇಸ್‌ಮನ್. ಪಿಚರ್ ಮೂರನೇ ಬೇಸ್‌ನ ಹಿಂದೆ 10–12 ಮೀಟರ್ ದೂರಕ್ಕೆ ಓಡಬೇಕು. ಬೇಸ್‌ಗೆ ಅಂಟಿಕೊಂಡು ನಿಂತರೆ, ಒಬ್ಬನನ್ನು ತಪ್ಪಿಸಿದ ಚೆಂಡು ಇಬ್ಬರನ್ನೂ ತಪ್ಪಿಸುತ್ತದೆ. ತಾನು ಎಸೆಯುವ ದಿಬ್ಬದ ಮೇಲೆಯೇ ನಿಂತು ನೋಡುವ ಪಿಚರ್ ಹುಡುಗರ ಆಟದಲ್ಲಿ ಅತಿ ಸಾಮಾನ್ಯ ದೃಶ್ಯ. ಅವರು ಕಳೆದುಕೊಳ್ಳುವ ರನ್ ಸ್ಕೋರ್‌ಬುಕ್‌ನಲ್ಲಿ ಬೇರೊಬ್ಬರ ತಪ್ಪಾಗಿ ದಾಖಲಾಗುತ್ತದೆ. ಕೋಚ್ ಬ್ಯಾಟ್ ಹಿಡಿದು ಇದನ್ನು ದಿನಕ್ಕೆ ಹತ್ತು ಸಲವಾದರೂ, ನಿಜವಾದ ಓಟಗಾರರನ್ನು ಇಟ್ಟುಕೊಂಡು, ಮಾಡಿಸಬೇಕು.

ಓಟಗಾರ ಎರಡು ಬೇಸ್‌ಗಳ ನಡುವೆ ಸಿಕ್ಕಿಬಿದ್ದರೆ, ಬರಿಗೈಯಲ್ಲಿ ಚೆಂಡು ಎತ್ತಿ ಹಿಡಿದು ಪೂರ್ತಿ ವೇಗದಲ್ಲಿ ಅವನನ್ನು ಹಿಂದಿನ ಬೇಸ್ ಕಡೆಗೇ ಅಟ್ಟಿ. ಒಂದೇ ಥ್ರೋನಲ್ಲಿ ಮುಗಿಯಬೇಕು. ಥ್ರೋ ಹೆಚ್ಚಿದಷ್ಟೂ ಚೆಂಡು ಜಾರುವ ಅವಕಾಶ ಹೆಚ್ಚು.

ಪ್ರಶ್ನೆ: ಫೈನಲ್‌ಗೆ ನಮ್ಮ ಒಳ್ಳೆಯ ಪಿಚರ್ (12 ವರ್ಷ) ಬೇಕೇ ಬೇಕು. ಎರಡು ದಿನದ ಹಿಂದೆ 70 ಎಸೆದಿದ್ದಾನೆ.

ಉತ್ತರ: ಇಳಿಸಬೇಡಿ. ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್ ಸಂಸ್ಥೆ) ನಿಯಮದಂತೆ 11–12ರ ವಯಸ್ಸಿಗೆ ದಿನದ ಮಿತಿ 85 ಎಸೆತ; 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. 51–65ಕ್ಕೆ ಮೂರು ದಿನ, 36–50ಕ್ಕೆ ಎರಡು, 21–35ಕ್ಕೆ ಒಂದು. ದಣಿದ ಹುಡುಗನ ಮೊಣಕೈ ಕೆಳಗಿಳಿಯುತ್ತದೆ, ಚೆಂಡು ಮೇಲೇರುತ್ತದೆ, ವಾಕ್ ಹೆಚ್ಚುತ್ತದೆ. ಪಂದ್ಯವೂ ಹೋಗುತ್ತದೆ, ಭುಜವೂ ನೋಯುತ್ತದೆ. ಸೆಮಿಫೈನಲ್‌ನಲ್ಲಿ ಅವನನ್ನು 20 ಎಸೆತಕ್ಕೆ ನಿಲ್ಲಿಸಿದ್ದರೆ ಫೈನಲ್‌ಗೆ ಸಿಗುತ್ತಿದ್ದ. ಮುಂದಿನ ಟೂರ್ನಿಗೆ ಈಗಲೇ ಇನ್ನಿಬ್ಬರಿಗೆ 20 ಎಸೆತಗಳಲ್ಲಿ 12 ಸ್ಟ್ರೈಕ್‌ನ ಅಭ್ಯಾಸ ಶುರು ಮಾಡಿಸಿ.