ಬೈಪಾಸ್ ಶಸ್ತ್ರಚಿಕಿತ್ಸೆಗೆ ಜನರಿಂದ ಹಣ ಕೂಡಿಸುವ ಮುನ್ನ

ನಿಮ್ಮ ಬೀದಿಯ ಆಟೊ ಚಾಲಕರಿಗೆ ಬೈಪಾಸ್ ಆಗಬೇಕಿದೆ, ಖಾಸಗಿ ಆಸ್ಪತ್ರೆ ಮೂರೂವರೆ ಲಕ್ಷ ಹೇಳಿದೆ, ಆನ್‌ಲೈನ್‌ನಲ್ಲಿ ದೇಣಿಗೆ ಕೂಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೂಡಿಸಬಹುದು, ಆದರೆ ಮೊದಲು ಅವರ ಪಡಿತರ ಚೀಟಿ ಯಾವುದೆಂದು ನೋಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಶಸ್ತ್ರಚಿಕಿತ್ಸೆಗಾಗಿ ನಾವು ಹತ್ತಾರು ಮಂದಿ ಹಗಲಿರುಳು ವಾಟ್ಸಾಪ್‌ನಲ್ಲಿ ಮನವಿ ಹಂಚಿ ಹಣ ಹೊಂದಿಸಿದೆವು. ಆ ಕುಟುಂಬದ ಬಳಿ ಬಿಪಿಎಲ್ ಚೀಟಿ ಇದೆಯೆಂಬುದನ್ನು, ಅದರಿಂದ ಚಿಕಿತ್ಸೆ ಉಚಿತವಾಗಿ ಆಗಬಹುದಿತ್ತೆಂಬುದನ್ನು, ಬಿಲ್ ಕಟ್ಟಿದ ಮೇಲೆ ತಿಳಿದೆವು. ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಹಣ ಅವರು ಕೆಲಸಕ್ಕೆ ಹೋಗಲಾಗದ ತಿಂಗಳುಗಳಿಗೆ ಒದಗಬಹುದಿತ್ತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭವಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಈ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ನೆರವಾಗಲು ಇರುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು, ಒಂದು ರೂಪಾಯಿಯನ್ನೂ ಕಟ್ಟುವ ಮುನ್ನ, ಚೀಟಿ ಮತ್ತು ಆಧಾರ್‌ನೊಂದಿಗೆ ಕಾಣಿರಿ. ವೈದ್ಯರು ಕಾಯಲು ಅವಕಾಶವಿದೆ ಎಂದರೆ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ವಿಚಾರಿಸಿ; ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿಯೇ ಮಾಡುತ್ತಿದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ಇಷ್ಟಾದ ಮೇಲೂ ಹಣ ಸಾಲದಿದ್ದರೆ ಆನ್‌ಲೈನ್‌ನಲ್ಲಿ ದೇಣಿಗೆ ಕೂಡಿಸಲು ಮಿಲಾಪ್, ಕೆಟ್ಟೋಗಳಂಥ ವೇದಿಕೆಗಳಿವೆ. ಮನವಿಯೊಂದಿಗೆ ಆಸ್ಪತ್ರೆಯ ಮುದ್ರೆಯಿರುವ ಅಂದಾಜು ವೆಚ್ಚದ ಪತ್ರವನ್ನು ಹಾಕಿ, ಹಣ ನೇರವಾಗಿ ಆಸ್ಪತ್ರೆಯ ಖಾತೆಗೇ ಹೋಗುವಂತೆ ಕೇಳಿಕೊಳ್ಳಿ. ದಾನಿಗಳ ನಂಬಿಕೆ ನಿಲ್ಲುವುದು ಅಲ್ಲಿಯೇ. ಕೆಲವು ವೇದಿಕೆಗಳು ದೇಣಿಗೆಯ ಜೊತೆಗೆ ಐಚ್ಛಿಕ ಟಿಪ್ ಅನ್ನು ತಾವೇ ಸೇರಿಸಿರುತ್ತವೆ, ಬೇಡವಾದರೆ ತೆಗೆಯಬಹುದೆಂದು ಕೊಡುವವರಿಗೆ ತಿಳಿಸಿ. ನನ್ನ ಅನುಭವದಲ್ಲಿ ಮೊದಲು ಕೊಟ್ಟವರು ಅಪರಿಚಿತರಲ್ಲ, ಅದೇ ಬೀದಿಯ ಅಂಗಡಿಯವರು ಮತ್ತು ಜೊತೆಯ ಚಾಲಕರು. ಆದ್ದರಿಂದ ಅವರ ಆಟೊ ನಿಲ್ದಾಣದಿಂದಲೇ ಆರಂಭಿಸಿ. ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಸಿಗೆಯ ಮೇಲಿನ ಚಿತ್ರವನ್ನು ಹಂಚಬೇಡಿ. ಗುರಿಯ ಮೊತ್ತದಲ್ಲಿ ಬಿಡುಗಡೆಯ ನಂತರದ ಔಷಧಿ, ತಪಾಸಣೆ ಮತ್ತು ಗಾಯ ಮಾಯುವವರೆಗಿನ ಮನೆಖರ್ಚನ್ನೂ ಬೇರೆ ಬೇರೆಯಾಗಿ ತೋರಿಸಿ, ಏಕೆಂದರೆ ಎದೆಮೂಳೆ ಕೂಡುವವರೆಗೆ ಅವರು ಆಟೊ ಓಡಿಸಲಾರರು.