ವಿಶ್ವ ವಾಣಿಜ್ಯ ಕೇಂದ್ರದ ಉಕ್ಕನ್ನು ತನಿಖೆಗೂ ಮೊದಲೇ ಗುಜರಿಗೆ ಹಾಕಿದ್ದು ಸರಿಯೇ?

ನನ್ನ ಪ್ರಕಾರ ಸರಿಯಲ್ಲ. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯಲ್ಲಿ ನ್ಯೂಯಾರ್ಕ್‌ನ ಈ ಗೋಪುರಗಳು ಕುಸಿದ ಮೇಲೆ, ಅವಶೇಷಗಳಡಿ ಬದುಕುಳಿದವರನ್ನು, ಆಮೇಲೆ ಶವಗಳನ್ನು ಹುಡುಕಲು ಉಕ್ಕು ಕತ್ತರಿಸಲೇಬೇಕಿತ್ತು. ಆದರೆ ಕತ್ತರಿಸುವುದು ಬೇರೆ, ಮಾರುವುದು ಬೇರೆ ಅಲ್ವಾ? ಬಹುಪಾಲು ಗುಜರಿಗೆ ಹೋಯಿತು, ಒಂದಷ್ಟು ಭಾರತಕ್ಕೂ ಬಂತು. ಸತ್ತವರ ಮನೆಯವರು ಬೇಡ ಎಂದು ಕೂಗಿದರು. ಎಂಜಿನಿಯರುಗಳು ಗುಜರಿ ಅಂಗಳಗಳಲ್ಲೇ ನಿಂತು ಮುಖ್ಯ ತುಂಡುಗಳನ್ನು ಆರಿಸಿ ಉಳಿಸಿದರು.

2002ರ ಆಗಸ್ಟ್‌ನಲ್ಲಿ ಶುರುವಾದ, ಅಮೆರಿಕ ಸರ್ಕಾರದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯಾದ ನಿಸ್ಟ್‌ನ (NIST) ತನಿಖೆಗೆ ಸಿಕ್ಕಿದ್ದು 236 ತುಂಡು. ಅಷ್ಟರಿಂದಲೂ ಉಕ್ಕಿನ ಗುಣಮಟ್ಟ ತಿಳಿಯಿತು. ಬಣ್ಣ ಬಿರುಕುಬಿಟ್ಟ ರೀತಿ ನೋಡಿ, ಬಿಸಿ 250 ಡಿಗ್ರಿ ಸೆಲ್ಸಿಯಸ್ ದಾಟಿತ್ತೇ ಎಂದೂ ಹೇಳಬಹುದಿತ್ತು. ಆದರೆ ಬೆಂಕಿ ಜೋರಾಗಿದ್ದ ಮಹಡಿಗಳ ತುಂಡುಗಳು ತೀರಾ ಕಡಿಮೆ ಇದ್ದವು. ಸಾಕ್ಷ್ಯ ಕಾಪಾಡುವ ಅಧಿಕಾರವನ್ನು ನಿಸ್ಟ್‌ಗೆ ಕೊಟ್ಟ ಕಾನೂನು ಬಂದದ್ದು 2002ರ ಅಕ್ಟೋಬರ್‌ನಲ್ಲಿ.